ಮೆಟ್ಟಿಲಿಲ್ಲದ ಬಾಗಿಲುಗಳ ಊರಿನಲ್ಲಿ

ನಮ್ಮ ಕೊಲ್ಲಿಯ ಮನೆಗಳಿಗೆಲ್ಲ ರಸ್ತೆ ಕಡೆ ಒಂದು ಬಾಗಿಲು,
ಬಾಗಿಲಿಗೆ ಮೆಟ್ಟಿಲಿಲ್ಲ.
ನೆಲದಿಂದ ಮೂರಡಿ ಮೇಲೆ
ಏನೋ ಹೇಳಹೊರಟು ಮರೆತ ಬಾಯಿಯ ಹಾಗೆ.
ನ್ಯೂಫೌಂಡ್‌ಲ್ಯಾಂಡಿಗೆ ಹೊಸದಾಗಿ ಬಂದವರು ಕೇಳುತ್ತಾರೆ:
ಇದು ಯಾರಿಗೆ?
ಹೆಣಕ್ಕೆ, ಪಾದ್ರಿಗೆ, ಅನ್ನುತ್ತಾನೆ ಹೆಡ್ಲಿ.
ಉಳಿದವರೆಲ್ಲ ಸುತ್ತಿಕೊಂಡು ಕಡಲ ಕಡೆಯ ಹಿತ್ತಲಿಗೆ,
ತಟ್ಟುವುದಿಲ್ಲ, ಕರೆಯುವುದಿಲ್ಲ,
ಬೂಟು ಕಳಚುತ್ತಲೇ ಮಾತು ಶುರು.

ನಾನು ಬಡಗಿ.
ನಲವತ್ತು ವರ್ಷ ಅಂಥ ಬಾಗಿಲು ನಿಲ್ಲಿಸಿದ್ದೇನೆ,
ಒಂದರ ಚಿಲಕವೂ ಸವೆದದ್ದು ಕಂಡಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ,
ಇವರಿಬ್ಬರು ಒಂದೇ ಬೇಸಿಗೆಯಲ್ಲಿ ಎರಡಕ್ಕೂ ಕೈ ಹಾಕಿದರು.
ಹೆಡ್ಲಿಗೆ ಅರವತ್ಮೂರು, ಯೂಲಾಗೆ ನಾಲ್ಕು ಕಡಿಮೆ.
ಅವಳು ಒಬ್ಬ ಗಂಡನನ್ನು ಮಣ್ಣಿಗೆ ಕೊಟ್ಟವಳು,
ಅವನು ಒಂದು ದೋಣಿಯನ್ನು ನೀರಿಗೆ.

ಕ್ಯಾಟಲಾಗು ತಂದೆ. ಕಂಬ, ಕಮಾನು,
ಕಲ್ಲಲ್ಲದ ಕಲ್ಲಿನ ಗೋಡೆ.
ಯೂಲಾ ಮೂಗಿನ ತುದಿಯ ಕನ್ನಡಕದಿಂದ ನೋಡಿ
ಪುಟ ಮಗುಚಿದಳು, ಮಗುಚಿದಳು, ಮುಚ್ಚಿದಳು.
'ಇವೆಲ್ಲ ಬಂದವರನ್ನು ಹೊರಗೇ ನಿಲ್ಲಿಸಿ
ಹೆಸರು ಕೇಳುವ ಮನೆಗಳು, ಸೆಲ್ಬಿ.
ನನಗೆ ಸೂರು ತಗ್ಗಿರಲಿ, ಕೈಯೆತ್ತಿದರೆ ಸಿಗುವಷ್ಟು.
ಬಿಳಿ ಹಲಗೆ ಸಾಕು. ಕಿಟಕಿಗೆ ಆರು ಚೌಕ.
ಒಂದು ಬೆಂಚು, ಇಬ್ಬರು ಕೂತು
ಮೂರನೆಯವರಿಗೆ ಸರಿದುಕೊಳ್ಳುವಷ್ಟು ಉದ್ದ.
ಮುಂದೆ ಮೆಟ್ಟಿಲು. ಮೆಟ್ಟಿಲು ಮಾತ್ರ ಬೇಕೇ ಬೇಕು.'

ಉಬ್ಬರವಿಳಿತದ ಪಟ್ಟಿಯ ಬೆನ್ನಿಗೆ ನಾನು ಬರೆದೆ.
ಹೆಡ್ಲಿ ಮೂರು ಸಂಜೆ ತಲೆ ಅಲ್ಲಾಡಿಸಿದ:
'ಕಟ್ಟು, ನನಗೇನು.
ಆದರೂ ಜನ ಹಿತ್ತಲಿಗೇ ಬರುತ್ತಾರೆ ನೋಡು,
ಕಾಲಿಗೆ ದಾರಿ ಗೊತ್ತು, ಪೆನ್ಸಿಲ್ಲಿಗೇನು ಗೊತ್ತು.
ನಿನ್ನ ಬೆಂಚಿನ ಮೇಲೆ ಹಿಮ ಕೂರುತ್ತದೆ.'

ಅವಳು ಉತ್ತರ ಕೊಡಲಿಲ್ಲ.
ಹಾಳೆಯ ಮೇಲಿಟ್ಟ ಚಹಾ ಲೋಟ ಎತ್ತಿದಳು,
ಹಾಳೆಯನ್ನು ಮೇಜಿನ ಮೇಲೆ
ಮೆಲ್ಲಗೆ
ಅರ್ಧ ಸುತ್ತು ತಿರುಗಿಸಿದಳು.
'ಜನ ಬರುವುದು ಅಡುಗೆಮನೆಗೆ ತಾನೆ?
ಅಡುಗೆಮನೆಯೇ ರಸ್ತೆಗೆ ಬರಲಿ.'

ಕಿವಿಯ ಸಂದಿನ ಪೆನ್ಸಿಲ್ ತೆಗೆದೆ,
ಮತ್ತೆ ಅಲ್ಲೇ ಇಟ್ಟೆ.
ಲೋಟ ಉಳಿಸಿದ ಒದ್ದೆ ಬಳೆಯೊಳಗೆ
ಒಲೆ, ಕಿಟಕಿ, ಬಾಗಿಲು ಸರಿಯಾಗಿ ಕೂತಿದ್ದವು.

ಹೆಡ್ಲಿ ತುಸು ಹೊತ್ತು ಸುಮ್ಮನಿದ್ದು ಕೇಳಿದ:
'ಮತ್ತೆ ನಾನು ಸತ್ತರೆ ಯಾವ ಕಡೆಯಿಂದ?'
'ಇದೇ ಬಾಗಿಲಿಂದ,' ಅಂದಳು,
'ಎಲ್ಲರ ಬೂಟು ಒಂದಿಷ್ಟು ಸರಿಸಿ.'

ಮೂರು ಮೆಟ್ಟಿಲು ಮಾಡಿದೆ, ಅಗಲಕ್ಕೆ,
ಒಂದೊಂದೂ ಆರೇ ಅಂಗುಲ ಎತ್ತರ,
ಎತ್ತಿದ ಕಾಲಿಗೆ ಎತ್ತಿದ್ದೇ ತಿಳಿಯಬಾರದು.
ಮೊದಲು ನಡುವಿನದು ಕಾಲಂಗುಲ ಹೆಚ್ಚಾಯಿತು,
ಯಾರಿಗೂ ಕಾಣದು, ನನ್ನ ಮೊಣಕಾಲಿಗೆ ಕಂಡಿತು,
ಬಿಚ್ಚಿ ಮತ್ತೆ ಬಡಿದೆ.
ಬಾಗಿಲಿಗೆ ಯಾವ ಬಣ್ಣ ಎಂದು ಯಾರೂ ಕೇಳಲಿಲ್ಲ.
ಒಂದು ಬೆಳಿಗ್ಗೆ ಹೆಡ್ಲಿ ತುಕ್ಕು ಹಿಡಿದ ಡಬ್ಬಿ ತಂದು
ಉಳಿಯಿಂದ ಮುಚ್ಚಳ ಮೀಟಿದ:
ಹಳದಿ.
ಮುಳುಗಿದ ದೋಣಿಗೆ ಬಳಿದು ಮಿಕ್ಕದ್ದು.
ಒಂದು ಕೈಗೆ ಸಾಲುವಷ್ಟೇ ಇತ್ತು.
ಕೆಳಗಿನ ಮೂಲೆಯಲ್ಲಿ ಈಗಲೂ ಮರ ಇಣುಕುತ್ತದೆ,
ಅದಕ್ಕೆ ಬೇರೆ ಡಬ್ಬಿ ತರುವ ಮಾತು ಯಾರೂ ಎತ್ತಿಲ್ಲ.

ಅಕ್ಟೋಬರಿನ ಮೊದಲ ಗಾಳಿಗೆ
ಓರ್ಪಾ ಮುದುಕಿ ಎರಡು ಕಾಡ್ ಮೀನು ಹಿಡಿದು ಬಂದಳು.
ಹಳದಿ ಬಾಗಿಲು ದಾಟಿದಳು, ಬೆಂಚು ದಾಟಿದಳು,
ಎಪ್ಪತ್ತು ವರ್ಷದ ರೂಢಿ,
ಸುತ್ತಿಕೊಂಡು ಹಿತ್ತಲಿಗೆ ಹೋದಳು.
ಅಲ್ಲಿ ಮಲಗುವ ಕೋಣೆಯ ಕಿಟಕಿ,
ಆಚೆಗೆ ಕಡಲು.
ಕಿಟಕಿಗೆ ಒಂದಿಷ್ಟು ಬೈದಳು,
ಮನೆಯ ಇನ್ನೊಂದು ಮಗ್ಗುಲಿಂದ ಹೊರಬಿದ್ದಳು,
ಮೆಟ್ಟಿಲು ನೋಡಿದಳು.
ಹತ್ತಿದಳೋ ಇಲ್ಲವೋ ಗೊತ್ತಾಗಲಿಲ್ಲ,
ಒಳಗಿದ್ದಳು,
ಒಂದು ಬೂಟು ಕೈಯಲ್ಲಿ,
ಅರ್ಧ ಮಾತು ಆಗಲೇ ಆಗಿತ್ತು.

ಮೊನ್ನೆ ಕೀಲಿಗೆ ಎಣ್ಣೆ ಬಿಡಲು ಹೋಗಿದ್ದೆ.
ಚಿಲಕ ಒಂದು ಕಡೆ
ಹೊಳೆಯಲು ಶುರುವಾಗಿದೆ.