ಒಣಮೆಣಸಿನ ಕೆಂಪು

ಅಪ್ಪ ಶವಪೆಟ್ಟಿಗೆ ಮಾಡುತ್ತಾನೆ,
ಅಕ್ರಾ ಪಕ್ಕದ ತೆಶಿಯಲ್ಲಿ, ಕಡಲ ರಸ್ತೆಗೆ,
ಟೈರ್ ಅಂಗಡಿಗೂ ಮೊಬೈಲ್ ರಿಪೇರಿಯವನಿಗೂ ನಡುವೆ.
ಬೆಸ್ತನಿಗೆ ಮೀನು, ಮೇಷ್ಟರಿಗೆ ಪೆನ್ನು,
ಕೋಕೋ ತೋಟದವನಿಗೆ ಕೋಕೋ ಕಾಯಿ.
ಬದುಕಿದ್ದಾಗ ನಾವು ಹೊತ್ತದ್ದೇ
ಕೊನೆಗೆ ನಮ್ಮನ್ನು ಹೊರುತ್ತದೆ
ಎಂಬುದು ಅವನ ಲೆಕ್ಕ.

ಪೇಜು ನೋಡಿಕೊಳ್ಳುವುದು ನಾನು.
ಹೆಸರು: ಬೋರ್ಕೆಟೆ ಮತ್ತು ಮಗಳು.
ಮಗಳನ್ನು ಸೇರಿಸಿದ್ದು ನಾನೇ, ಅಪ್ಪನನ್ನು ಕೇಳದೆ.

ಮೊದಲ ದಿನವೇ ಸಿಕ್ಕಿಬಿದ್ದೆ.
ಫೋಟೋ ಚೆನ್ನಾಗಿತ್ತು: ನೀಲಿ ಏಡಿ, ಎಳೆ ಬಿಸಿಲು.
ಕೆಳಗೆ ಏನು ಬರೆಯಲಿ?
ಪಕ್ಕದ ಟೈರಿನವನು ಬರೆಯುತ್ತಾನೆ, ಮತ್ತೆ ಬನ್ನಿ.
ನಾನು ಬರೆಯುವಂತಿಲ್ಲ.
ಹಬ್ಬದ ರಿಯಾಯಿತಿ, ಬರೆಯುವಂತಿಲ್ಲ.
ಒಂದು ಕೊಂಡರೆ ಒಂದು ಉಚಿತ
ಎಂದು ಬರೆದು, ಓದಿ, ಅಳಿಸಿ,
ಯಾರೂ ನೋಡಲಿಲ್ಲ ತಾನೇ ಎಂದು ಆಚೀಚೆ ನೋಡಿದೆ.
ಬಳಸಿದವರ ಅಭಿಪ್ರಾಯ ಎಂಬ ಖಾನೆ
ಇನ್ನೂ ಖಾಲಿಯೇ ಇದೆ.

ಹೃದಯಗಳು ಬಂದವು. ಓಸ್ಲೋದಿಂದ, ಒಸಾಕಾದಿಂದ,
ನಕ್ಷೆಯಲ್ಲಿ ಹುಡುಕಬೇಕಾದ ಊರುಗಳಿಂದ.
ಒಬ್ಬಳು ಕೇಳಿದಳು, ಚಿಕ್ಕದು ಸಿಗುತ್ತದಾ, ಟೇಬಲ್ ಮೇಲಿಡಲು?
ಒಬ್ಬ ಬರೆದ: ಸಾಯಬೇಕು ಅನಿಸುವಷ್ಟು ಚೆಂದ.
ಒಂಬತ್ತು ಸಾವಿರ ಜನ. ಅಪ್ಪನಿಗೆ ತೋರಿಸಿದೆ.
ಕೀಸುಳಿ ನಿಲ್ಲಿಸದೆ ಕೇಳಿದ:
ಇವರಲ್ಲಿ ಎಷ್ಟು ಜನ ತೆಶಿಯಲ್ಲಿ ಸಾಯುತ್ತಾರೆ?

ಬೋಣಿಯಾಗಿದ್ದು ಜುಲೈಯಲ್ಲಿ.
ಬಂದವಳು ಅಕ್ವೆಲೆ, ಮೆಣಸಿನಕಾಯಿ ಮಾರುವವಳು.
ಊರು ಹೋಗು ಅನ್ನುವ ವಯಸ್ಸು;
ನಮ್ಮಲ್ಲಿ ಕಾಡಿಲ್ಲ, ಬಾ ಅನ್ನುವುದು ಕಡಲು.
ಮೊಮ್ಮಗನ ಹಳೆ ಫೋನನ್ನು ಕುಪ್ಪಸದೊಳಗಿಂದ ತೆಗೆದು
ಬಿರುಕುಬಿಟ್ಟ ಗಾಜಿನ ಮೇಲೆ ಬೆರಳಿಟ್ಟು
ಇದು, ಅಂದಳು.
ಆಳುದ್ದದ ಮೆಣಸಿನಕಾಯಿ.
ಮೂರು ಸಲ ಹೃದಯ ಒತ್ತಿದ್ದೇನೆ, ನೋಡಲಿಲ್ಲವಾ?
ಎರಡನೆಯದು ಮೊದಲನೆಯದನ್ನು ಅಳಿಸುತ್ತದೆ ಅಜ್ಜಿ,
ಮೂರು ಒತ್ತಿದರೂ ಒಂದೇ ಉಳಿಯುವುದು, ಅಂದೆ.
ಒಪ್ಪಲಿಲ್ಲ.

ಯಾರಿಗೆ? ಅಪ್ಪ ಕೇಳಿದ, ದನಿ ತಗ್ಗಿಸಿ,
ಸಾವಿನ ಮನೆಯವರೊಡನೆ ಮಾತಾಡುವ ಹಾಗೆ.
ಯಾರಿಗೆ ಅಂದರೆ? ನನಗೆ. ಅಳತೆ ತಗೋ.

ಚಪ್ಪಲಿ ಬಿಟ್ಟು, ಗೋಡೆಗೆ ಬೆನ್ನು ತಾಗಿಸಿ ನಿಂತಳು,
ಶಾಲೆಯ ಮಗುವಿನ ಹಾಗೆ ತುಸು ಹಿಮ್ಮಡಿ ಎತ್ತಿ.
ಆಮೇಲೆ ಬಣ್ಣದ ತಗಾದೆ:
ಇದು ಹಸಿ ಹಣ್ಣಿನ ಕೆಂಪು, ಹುಡುಗಾ.
ಮೂವತ್ತೆಂಟು ವರ್ಷ ಮಾರಿದ್ದೇನೆ.
ನನ್ನದು ಒಣಗಿದ ಮೇಲಿನ ಕೆಂಪು.
ಅಲುಗಿಸಿದರೆ ಒಳಗೆ ಬೀಜ ಸದ್ದು ಮಾಡಬೇಕು.

ಅಪ್ಪ ನಾಲ್ಕು ಸಲ ಬಳಿದ.
ದುಡ್ಡು ಕಂತಿನಲ್ಲಿ, ವಾರಕ್ಕೆ ಇಪ್ಪತ್ತು ಸೀಡಿ,
ಕೆಲವು ವಾರ ಬರೀ ಮೆಣಸಿನಕಾಯಿ.
ಅಂದಿನಿಂದ ನಾನೇನು ಹಾಕಿದರೂ,
ಬಸವನಹುಳುವೋ, ಕ್ಯಾಮೆರಾವೋ, ಅರ್ಧ ಉಜ್ಜಿದ ಹಲಗೆಯೋ,
ಮೊದಲ ಹೃದಯ ಅವಳದು,
ಬೆಳಿಗ್ಗೆ ಐದೂಕಾಲಿಗೆ, ಮಾರ್ಕೆಟ್ಟಿಗೆ ಹೊರಡುವ ಮುನ್ನ.
ಅದು ಬಂದ ಮೇಲೆಯೇ ನಾನು ಹಲ್ಲುಜ್ಜಲು ಏಳುತ್ತಿದ್ದೆ.

ಅಕ್ಟೋಬರಿನ ಒಂದು ಬುಧವಾರ ಬರಲಿಲ್ಲ.
ಗುರುವಾರವೂ.
ಓಸ್ಲೋ ಬಂತು. ಒಸಾಕಾ ಬಂತು.
ಅಪ್ಪ ಏನೂ ಹೇಳದೆ
ಮೂಲೆಯ ಮೆಣಸಿನಕಾಯಿಯ ಧೂಳು ಒರೆಸಿದ;
ತೊಟ್ಟಿನ ಹತ್ತಿರ ಬಟ್ಟೆ ತುಸು ಹೆಚ್ಚು ಹೊತ್ತು ನಿಂತಿತು.
ನಾನು ಬಾಕಿ ಪುಸ್ತಕ ತೆಗೆದು, ಮುಚ್ಚಿದೆ.

ಶುಕ್ರವಾರ ಬಾಗಿಲಲ್ಲಿ ನೆರಳು.
ಡೇಟಾ ಮುಗಿದಿತ್ತು, ಅಂದಳು,
ಆ ಕಳ್ಳ ಮೊಮ್ಮಗ ಫುಟ್‌ಬಾಲ್ ನೋಡಿ ಖಾಲಿ ಮಾಡಿದ.
ಆಮೇಲೆ ದನಿ ಏರಿಸಿ:
ನನ್ನ ಪೆಟ್ಟಿಗೆಯನ್ನು ಕಂಡಕಂಡವರಿಗೆ ತೋರಿಸುತ್ತಿದ್ದೀಯಂತೆ?

ತೋರಿಸಿದ್ದೆ. ನಾಲ್ಕು ಸಾವಿರ ಜನಕ್ಕೆ.
ಮಾರಾಟವಾಗಿದೆ ಅಂತ ಬರಿ, ಅಂದಳು.
ಹೆಸರು ಹಾಕು. ದಪ್ಪಕ್ಷರದಲ್ಲಿ.

ಬರೆದೆ.
ಅಲ್ಲೇ ನಿಂತು, ನಮ್ಮ ವೈಫೈಯಲ್ಲಿ,
ತನ್ನ ಹೆಸರಿನ ಕೆಳಗೆ ಹೃದಯ ಒತ್ತಿದಳು,
ಮೂರು ಸಲ.