ಒಂದು ಸುತ್ತು ಮೇಲೆ

ತ್ಬಿಲಿಸಿಯಲ್ಲಿ ಆ ಚಳಿಗಾಲ ಕರೆಂಟಿರಲಿಲ್ಲ.
ಕಪ್ಪುಹಲಗೆ ಕಾಣದೆಂದು ಎತೇರಿ ಟೀಚರು
ನಮ್ಮನ್ನು, ಇದ್ದದ್ದೇ ಆರು ಜನ,
ಹಿಂಬದಿಯ ಮರದ ಸುರುಳಿಮೆಟ್ಟಿಲಿಗೆ ಕರೆದೊಯ್ದರು.
ಕೆಳಗಿನ ಸುತ್ತನ್ನು ಯಾರೋ ಒಲೆಗೆ ಕಿತ್ತೊಯ್ದಿದ್ದರು.
ನಡುಗಂಬ ಉಳಿದಿತ್ತು.
"ಒಳ್ಳೆಯದೇ ಆಯಿತು," ಎಂದರು,
"ಮೊದಲಿಲ್ಲದ ಮೆಟ್ಟಿಲು ಬೇಕಿತ್ತು ನನಗೆ."

ಕಂಬದ ಸುತ್ತ ಸೀಮೆಸುಣ್ಣದ ಒಂದು ವೃತ್ತ,
ಅದರ ಮೇಲೆ ನಾನು.
ಬೆಂಚು ಹತ್ತಿ, ತೊಲೆ ಹಿಡಿದು, ಮೇಲೆ ವಾಖೋ,
ಸರಿಯಾಗಿ ನನ್ನ ನೆತ್ತಿಯ ನೇರಕ್ಕೆ.
"ಕೇತೊ ನಡೆಯಲಿ. ನೀನು ಅವಳ ನೆತ್ತಿ ಬಿಡಬೇಡ."

ನಡೆದೆ. ಅವನ ಬೂಟಿನ ಸದ್ದು ತಲೆಯ ಮೇಲೇ ನಡೆಯಿತು,
ಹುಳು ತಿಂದ ಮರದ ಹುಡಿ ಕೂದಲಿಗೆ ಉದುರಿತು.
ಸುತ್ತು ಮುಗಿದು ಹೊರಟ ಗೆರೆಗೇ ಬಂದು ನಿಂತೆ.
"ಕೇತೊ ಬಂದಳು. ವಾಖೋ ಬಂದನೇ?"
"ಇಲ್ಲ," ಎಂದಿತು ಒಂದು ಸುತ್ತು ಮೇಲಿನ ಕತ್ತಲು.

ತಮುನಾ ಕೇಳಿದಳು: ಕಂಬ ಬಳಸದೆ
ಅರ್ಧಕ್ಕೆ ಹೋಗಿ ಹಿಂದಿರುಗಿದರೆ?
ಅದನ್ನೂ ಮಾಡಿಸಿದರು. ವಾಖೋ ಬಂದ.

ಮೇಣದಬತ್ತಿಗೆ ಮೂರು ಮೆಟ್ಟಿಲಷ್ಟೇ ಬೆಳಕು.
"ಇಷ್ಟೇ ಕಂಡರೆ ಎಷ್ಟನೇ ಸುತ್ತೋ ಹೇಳಲಾಗದು.
ಮೂರು ಮೆಟ್ಟಿಲಿಗೆ ಎಲ್ಲ ಮಹಡಿಯೂ ಒಂದೇ."

ಆಮೇಲೆ ಕೋಟಿನ ಬೆಲ್ಟು ಬಿಚ್ಚಿ, ಒಂದು ತಿರುವು ಕೊಟ್ಟು,
ತುದಿಗೆ ತುದಿ ಸೇರಿಸಿ ಹಿಡಿದರು.
ಅಂಚಿಗೆ ಬೆರಳಿಟ್ಟು ಹೊರಟೆ;
ಒಂದು ಸುತ್ತಿಗೆ ಬೆರಳು ಎದುರಂಚಿನಲ್ಲಿತ್ತು,
ಎರಡಕ್ಕೆ ಮನೆ.
"ಇದು ವಾಸಿ. ಎರಡೇ ಸುತ್ತು," ಎಂದು ನಕ್ಕರು.
ಉಳಿದ ಪಾಠವಿಡೀ ಕೋಟನ್ನು ಕೈಯಲ್ಲೇ ಮುಚ್ಚಿ ಹಿಡಿದಿದ್ದರು.

ಅವರ ಗಂಡ ಸುಖುಮಿಯಲ್ಲಿ ಸಿಕ್ಕಿಬಿದ್ದಿದ್ದರು,
ಅಥವಾ ಹಾಗೆಂದು ಹೇಳುತ್ತಿದ್ದರು.
ಪಶ್ಚಿಮದ ರೈಲು ಬರುವ ಸಂಜೆಗಳಲ್ಲಿ
ನಡೆದೇ ಸ್ಟೇಷನ್ನಿಗೆ ಹೋಗಿ
ನಡೆದೇ ಹೊರಟ ಬಾಗಿಲಿಗೆ ಬರುವರು.
ಎದುರು ಮನೆಯ ನಮಗೆ
ಬೀಗ ತೆಗೆಯುವ ಸದ್ದು ಕೇಳುತ್ತಿತ್ತು.
ಅದೇ ಬಾಗಿಲೆಂದೇ ನಾನು ತಿಳಿದಿದ್ದೆ.

ಈಗ ಅದೇ ಪಾಠ ನನ್ನದು.
ಮೆಟ್ಟಿಲು ರಿಪೇರಿಯಾಗಿದೆ. ಕೆಳಸುತ್ತು ಮರಳಿ ಬಂದು
ವೃತ್ತ ಬರೆಯಲು ಜಾಗವಿಲ್ಲ.
ಗಾಜಿನ ಜಾಡಿಗೆ ಕೆಂಪು ಉಲ್ಲನ್ನು ಸುತ್ತಿ ತೋರಿಸುತ್ತೇನೆ,
ಮೇಲಿನಿಂದ ನೋಡಿ, ಒಂದೇ ಉಂಗುರ; ಪಕ್ಕದಿಂದ ನೋಡಿ.
ಮಕ್ಕಳು ತಲೆಯಾಡಿಸಿ ಬರೆದುಕೊಳ್ಳುತ್ತಾರೆ.

ಯಾರಾದರೂ ಅರ್ಥವಾಗಲಿಲ್ಲ ಎಂದರೆ ಮಾತ್ರ
ಕೋಟಿನ ಬೆಲ್ಟಿಗೆ ಕೈ ಹೋಗುತ್ತದೆ.