ಮೂರನೆಯ ಜಾಗದಲ್ಲಿ ಟ್ರೂ

ಮಂಡ್ಯದ ಬೆಲ್ಲದ ಮಂಡಿಯಲ್ಲಿ
ಕೀಬೋರ್ಡಿಗೂ ಇರುವೆ ಹತ್ತುತ್ತದೆ.
ಎಂಟರ್ ಗುಂಡಿ ಒತ್ತಿದರೆ ಅಂಟಿಕೊಂಡು
ಸ್ವಲ್ಪ ಯೋಚಿಸಿ ಮೇಲೇಳುತ್ತದೆ.

"ನೋಡ್ಕಳಿ, ಮುಟ್ಬ್ಯಾಡಿ ಕಣವ್ವ," ಅಂದರು ಹೊಂಬಾಳೇಗೌಡರು,
"ಆಡಿಟ್‌ನೋರು ಬಂದವ್ರೆ. ಒಂದಂಕಿ ಅಲ್ಲಾಡುದ್ರೂ
ನನ್ ತಲೆ ಹೋಯ್ತದೆ."
ಹಳೆಯ ಫೈಲು. ಹದಿಮೂರು ವರ್ಷ ಯಾರೂ ತೆರೆದಿಲ್ಲ.
ಊರು, ಹೆಸರು, ದರ,
ಅಚ್ಚು, ಬಕೆಟ್, ಕುರಿಕಾಟು
ಎಲ್ಲ ಒಂದೇ ಹೊಟ್ಟೆಯಲ್ಲಿ.

ಮುಂಬಾಗಿಲಿನಿಂದ ಹೋಗಲಿಲ್ಲ ನಾನು.
ಡಬಲ್ ಕ್ಲಿಕ್ ಮಾಡಿದರೆ ಸಾಕು, ಅದು ಮೈಮುರಿದೆದ್ದು
ಇವತ್ತಿನ ತಾರೀಖು ಹಾಕಿಕೊಂಡುಬಿಡುತ್ತದೆ,
ಪಕ್ಕದಲ್ಲೊಂದು ಬೀಗದ ಫೈಲು ಹುಟ್ಟಿಸಿ
ಬಂದವರ ಹೆಸರು ಬರೆದುಕೊಳ್ಳುತ್ತದೆ.
ಫೋಲ್ಡರಿನ ಬರೆಯುವ ಹಕ್ಕು ಕಿತ್ತು
ನಾಲ್ಕು ಸಾಲು ಕೋಡ್ ಬರೆದೆ.
ದಾರಿ ಇದು, ತೆರೆ.
ಎರಡನೆಯ ಜಾಗದಲ್ಲಿ ಫಾಲ್ಸ್: ನನಗೊಬ್ಬಳಿಗೇ ಬೇಡ.
ಮೂರನೆಯ ಜಾಗದಲ್ಲಿ ಟ್ರೂ: ಓದುವುದಷ್ಟೇ.
ಗಳುವಿನ ಮೇಲಿನ ಮಡಿಪಂಚೆಯ ಹಾಗೆ
ಕಣ್ಣಿಗೆ ಸಿಕ್ಕುತ್ತದೆ, ಕೈಗಿಲ್ಲ.

ತೆರೆಯಿತು. ಎಂಬತ್ತೊಂದು ಸಾವಿರ ಸಾಲು,
ಎಲ್ಲ ಕಾಳಲಿಂಗಯ್ಯನ ಎರಡು ಬೆರಳಿನ ಬೆಳೆ.
ಷರಾ ಅನ್ನುವ ಕಾಲಮ್ಮಿನಲ್ಲಿ, ಯಾರೂ ಕೇಳದಿದ್ದರೂ,
ಬರೆದಿದ್ದ:
"ಮಳೆ. ಬೆಲ್ಲ ಬೆವರ್ತಾ ಅದೆ."
"ಎಡಗಡೆ ಎತ್ತು ಕುಂಟ್ತದೆ, ಹೇಳುದ್ರೆ ಕೇಳಕಿಲ್ಲ."
"ಈವಯ್ಯ ತಕ್ಕಡೀನ ನಂಬಕಿಲ್ಲ, ನನ್ನ ನಂಬ್ತನೆ."
ಆಡಿಟಿಗೆ ಬೇಕಾದದ್ದು ಇದಲ್ಲ. ಆದರೂ
ಡಬ್ಬಿಯ ಅನ್ನ ತಣ್ಣಗಾಯಿತು.

ಕೊನೆಯ ಸಾಲು: ದುದ್ದದ ಪುಟ್ಟಸಿದ್ದಮ್ಮ,
ಹದಿನಾಲ್ಕು ಬಕೆಟ್.
ಷರಾ: "ನಲವತ್ತೊಂದು ಆಗ್ಬೇಕಿತ್ತು. ಅಂಕಿ ತಿರುಗಿ ಬಿತ್ತು.
ಚೀಟಿ ಹೋಗ್ಬುಟ್ಟದೆ. ನಾಳೀಕೆ ಗೌಡ್ರನ್ನ ಕೇಳಿ ತಿದ್ತೀನಿ."
ನಾಳೆ ಅನ್ನುವ ಸಾಲು ಆ ಟೇಬಲ್ಲಿನಲ್ಲಿಲ್ಲ.

ನನ್ನ ಬೆರಳು ತಾನಾಗಿ ಆಜ್ಞೆ ಬರೆಯಿತು,
ಹದಿನಾಲ್ಕನ್ನು ನಲವತ್ತೊಂದು ಮಾಡು.
ತಪ್ಪು, ಮೂರು ಸಾವಿರದ ಇಪ್ಪತ್ತೇಳು, ಅಂದಿತು ಯಂತ್ರ,
ತಿದ್ದಲಾಗದು, ಇದು ಓದುವುದಕ್ಕೆ ಮಾತ್ರ.
ಗೊತ್ತು ಮಾರಾಯ, ಆ ಟ್ರೂ ಬರೆದವಳು ನಾನೇ.

ಅಳಿಸಿ ಫಾಲ್ಸ್ ಮಾಡಲು ಎಷ್ಟು ಹೊತ್ತು?
ಕರ್ಸರು ಅಲ್ಲೇ ಮಿಣುಕುತ್ತಿತ್ತು.
ಹೊರಗೆ ಹಮಾಲರು ಯಾರದೋ ಬೆಲ್ಲ ಎಣಿಸುತ್ತಿದ್ದರು,
ಲಾಭ, ಎರಡು, ಮೂರು...

ಕಾಳಲಿಂಗಯ್ಯ ಎಲ್ಲಿ, ಅಂದೆ.
ಗೌಡರು ಲೋಟ ಕೆಳಗಿಟ್ಟರು.
"ಅವನಾ? ಮಾರನೇ ದಿನ ಬರ್ನಿಲ್ಲ ಕಣವ್ವ."
ಆಮೇಲೆ ತುಂಬಾ ಹೊತ್ತಾದ ಮೇಲೆ,
"ಪುಟ್ಟಸಿದ್ದಮ್ಮ ಅವ್ಳೆ. ಈಗ್ಲೂ ಬಂದು ಕೇಳ್ತಳೆ."

ಪ್ರಿಂಟು ತೆಗೆದು ಆ ಸಾಲಿನ ಎದುರು
ಪೆನ್ಸಿಲ್ಲಿನಲ್ಲಿ ನಲವತ್ತೊಂದು ಎಂದು ಬರೆದುಕೊಟ್ಟೆ.
ಗೌಡರು ತುಟಿಯಲ್ಲೇ ಕಳೆದು ನೋಡಿದರು.
ಇಪ್ಪತ್ತೇಳು.
ಕಾಗದ ಮಡಚಿ ಜೇಬಿಗಿಟ್ಟುಕೊಂಡರು, ಆಡಿಟಿನ ಕಟ್ಟಿಗಲ್ಲ.

ಫೈಲು ಮುಚ್ಚಿದೆ.
ಬಲಗುಂಡಿ ಒತ್ತಿ ನೋಡಿದೆ:
ಕಡೆಯ ಸಲ ಬದಲಾದದ್ದು
ಹದಿಮೂರು ವರ್ಷದ ಹಿಂದೆ, ಒಂದು ಶನಿವಾರ,
ಸಂಜೆ ಆರು ನಲವತ್ತು.